ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೊಳಲು

ಹೇಸ್, ಲಂಡನ್
ಭಾನುವಾರ, 19 ಜನವರಿ 2025

ಪ್ರೀತಿಯ ಗುಣವತಿ ಟೀಚರ್,

ಒಂದು ಸಂಗತಿಯನ್ನು ಬರೆಯದೆಯೇ ಕವರು ಅಂಟಿಸಿಬಿಡುವುದರಲ್ಲಿದ್ದೆ. ಸಮೀಕ್ಷಾಳ ಪರೀಕ್ಷೆ, ಭಾರ್ಗವನ ಬೆನ್ನುನೋವು, ಕೆಟ್ಟುಹೋದ ಬಾಯ್ಲರ್, ಇವಿಷ್ಟೇ ಎರಡು ಪುಟ ತುಂಬಿಸಿದ್ದವು. ಆ ಪುಟಗಳನ್ನು ಹರಿದು ಹಾಕಿ ಮತ್ತೆ ಕೂತಿದ್ದೇನೆ. ನಾನು ಪುನಃ ಕೊಳಲು ಊದುತ್ತಿದ್ದೇನೆ, ಟೀಚರ್.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಸಿರಿಶಾಳ ಕೈಯಲ್ಲಿರುತ್ತದೆ. ಆಕೆ ಸ್ಪೀಕರ್ ಹಾಕಿದರೆ ನಾನು ನಿಮ್ಮ ಜೊತೆಗಲ್ಲ, ನಿಮ್ಮ ತಮ್ಮನ ಇಡೀ ಸಂಸಾರದ ಜೊತೆ ಮಾತಾಡಿದಂತಾಗುತ್ತದೆ.

ಅಕ್ಟೋಬರಿನಲ್ಲಿ ಇಲ್ಲಿಯ ಕೌನ್ಸಿಲ್ ಲೈಬ್ರರಿಗೆ ಪುಸ್ತಕ ಹಿಂದಿರುಗಿಸಲು ಹೋಗಿದ್ದೆ. ಮಹಡಿಯ ಕೋಣೆಯಿಂದ ಕೊಳಲು ಕೇಳಿಸಿತು. ನಮ್ಮದರ ಹಾಗೆಯೇ ಅಡ್ಡ ಹಿಡಿದು ಊದುವುದು. ಕಲಿಸುವವರು ಎಪ್ಪತ್ತು ದಾಟಿದ ಹೆಂಗಸು. ಹೌನ್ಸ್ಲೋ ಕಡೆ ಬಸ್ ಓಡಿಸಿ ನಿವೃತ್ತರಾದವರು. ಮೂಲ ಪಶ್ಚಿಮ ಕರಾವಳಿ. ಅಪ್ಪ ಮೀನಿಗೆ ಹೋಗುತ್ತಿದ್ದರಂತೆ, ಮಳೆ ಎಂದರೆ ಅಲ್ಲಿಯ ಮಳೆಯಂತೆ. ದೇವರ ಮೇಲೆ ಭಕ್ತಿ ಜಾಸ್ತಿ, ಬೈಗುಳವೂ ಜಾಸ್ತಿ. ಹೆಸರು ಹೇಳಿದರೂ ನಿಮಗೆ ಪರಿಚಯ ಇರಲಾರದು. ಏನನ್ನೂ ಬರೆದುಕೊಳ್ಳಲು ಬಿಡುವುದಿಲ್ಲ. ಕೇಳು, ಊದು, ಅಷ್ಟೇ. ನಿಮ್ಮ ಹಾಗೆಯೇ.

ಇಷ್ಟು ಬರೆದ ಮೇಲೆ ಪುನಃ ಪುನಃ ಓದಿ ನೋಡಿದೆ. ಪ್ರತಿ ವಾಕ್ಯವೂ ನಿಜ.

ನಿಮ್ಮ
ಅಂಬುಜಾ


ಅದೇ ದಿನ. ಕವರಿಗೆ ಹಾಕದೆ ತೆಗೆದಿಟ್ಟ ಹಾಳೆ.

ಟೀಚರ್, ಆಕೆಯ ಹೆಸರು ಬ್ರೀಜ್. ಆ ಕರಾವಳಿ ಐರ್ಲೆಂಡಿನದು. ನಾನು ಕಲಿಯುತ್ತಿರುವುದು ಐರಿಷ್ ಕೊಳಲು: ಕಪ್ಪು ಮರ, ಆರು ರಂಧ್ರ, ಬಿದಿರಿಗಿಂತ ಎಷ್ಟೋ ಭಾರ. ಇವರು ರಾಗ ಬೆಳೆಸುವುದಿಲ್ಲ. ಎಲ್ಲವೂ ಪುಟ್ಟ ಪುಟ್ಟ ಟ್ಯೂನುಗಳು. ಒಂದೊಂದನ್ನು ಎಲ್ಲರೂ ಒಟ್ಟಿಗೆ ಮೂರು ಸುತ್ತು ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಹಾರುತ್ತಾರೆ. ವೇದಿಕೆ ಇಲ್ಲ. ಟೇಬಲಿನ ಸುತ್ತ ಒಬ್ಬರಿಗೊಬ್ಬರು ಮುಖ ಮಾಡಿ, ಕೇಳುವವರಿಗೆ ಬೆನ್ನು ಹಾಕಿ ಕೂರುತ್ತಾರೆ. ಆ ಟೇಬಲು ಇರುವುದು ಪಬ್ಬಿನಲ್ಲಿ.

ನೀವು ಒಂಬತ್ತು ವರ್ಷ ನನ್ನನ್ನು ಆಲಾಪನೆಗೆ ಸಿದ್ಧ ಮಾಡಿದಿರಿ. ಒಬ್ಬಳೇ ಮುಂದೆ ಕೂತು ರಾಗವನ್ನು ನನ್ನೊಳಗಿನಿಂದ ತೆಗೆಯಬೇಕಾದಾಗಲೆಲ್ಲ ಒಳಗೆ ನೀವು ಹೇಳಿಕೊಟ್ಟದ್ದನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಹತ್ತು ಹನ್ನೆರಡು ಜನರ ನಡುವೆ ನನ್ನ ಕೊಳಲು ನನಗೇ ಬೇರೆಯಾಗಿ ಕೇಳಿಸುವುದಿಲ್ಲ. ಅದು ಎಂಥ ಸುಖ ಎಂದು ನಿಮಗೆ ಹೇಗೆ ಹೇಳಲಿ? ಹೇಳಿದರೆ ನೀವು ಬೈಯುವುದಿಲ್ಲ, ಕಾಗದ ನಿಲ್ಲಿಸುತ್ತೀರಿ. ಕೊಳಲು ಬಿಟ್ಟು ಕೀಬೋರ್ಡಿಗೆ ಹೋದ ನಿಮ್ಮ ಶಿಷ್ಯನ ಹೆಸರನ್ನು ನೀವು ಇವತ್ತಿಗೂ ಎತ್ತುವುದಿಲ್ಲ. ಅವನ ಹೆಸರು ವಿಶಾಲ್. ನನಗೆ ನೆನಪಿದೆ.


ಕುಂದಾಪುರ
12 ಫೆಬ್ರವರಿ 2025

ಅಂಬುಜಾ,

ನಿನ್ನ ಕಾಗದ ಬಂದು ಹತ್ತು ದಿನ ಆಯಿತು. ಬಂದ ದಿನ ನಾನು ಓದಿದೆ, ಮಾರನೇ ದಿನ ಊರಿಗೆಲ್ಲ ಓದಿ ಹೇಳಿದೆ. ಸ್ಪೀಕರಿನ ಸಾಲು ಬರುವಲ್ಲಿ ಸಿರಿಶಾಳ ಮುಖ ನೋಡಬೇಕಿತ್ತು.

ನನ್ನ ಹತ್ತಿರ ಕಲಿತವರೆಲ್ಲ ಬ್ಯಾಂಕಿನಲ್ಲಿದ್ದಾರೆ. ಅವರ ಕೊಳಲು ಕಪಾಟಿನ ಮೇಲಿದೆ. ನೀನೊಬ್ಬಳಾದರೂ ಊದುತ್ತಿದ್ದೀ ಎಂದರೆ ನನ್ನ ಲೆಕ್ಕದ ಉತ್ತರ ಸೊನ್ನೆ ಅಲ್ಲ. ಗಣಿತದ ಮೇಷ್ಟ್ರಿಗೆ ಅಷ್ಟು ಸಾಕು.

ನಿನ್ನ ಟೀಚರು ಮಲ್ಪೆಯವರಾ, ಗಂಗೊಳ್ಳಿಯವರಾ? ಮೀನುಗಾರರ ಮನೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬಸ್ ಓಡಿಸಿ, ಕೊಳಲೂ ಕಲಿಸುತ್ತಾರೆಂದರೆ ಸಣ್ಣ ಸಂಗತಿ ಅಲ್ಲ ಮಾರಾಯ್ತಿ. ಬೈಗುಳ ಜಾಸ್ತಿ ಎಂದೆಯಲ್ಲ, ಹಾಗಾದರೆ ಗಂಗೊಳ್ಳಿಯೇ ಇರಬೇಕು. ಯಾರ ಶಿಷ್ಯೆ? ತಾಳ ಕೈಯಲ್ಲಿ ಹಾಕಿಸುತ್ತಾರಾ? ಸ್ವರ ಬಿಡಿಬಿಡಿಯಾಗಿ ಬರಲು ನಾಲಿಗೆಯಿಂದ ತುತ್ತುಕಾರ ಹೊಡೆಸುತ್ತಾರಾ? ಕೇಳಿ ಬರೆ. ಹೆಸರು ಯಾಕೆ ಬರೆಯಲಿಲ್ಲ? ಗುರುವಿನ ಹೆಸರು ನುಂಗುವುದು ಒಳ್ಳೆಯ ಅಭ್ಯಾಸ ಅಲ್ಲ.

ನಾನು ಬೆಳಗ್ಗೆ ಊದುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ. ಈ ವರ್ಷದ ಒಣ ಹವೆಗೆ ಬಿದಿರು ಬಿರುಕು ಬಿಡುತ್ತದೆ.

ಗುಣವತಿ


ಹೇಸ್
ಭಾನುವಾರ, 9 ಮಾರ್ಚ್ 2025

ಪ್ರೀತಿಯ ಟೀಚರ್,

ನಿಮ್ಮ ಪ್ರಶ್ನೆಗಳಿಗೆ ಉತ್ತರ. ಅವರು ತಮ್ಮ ಅಪ್ಪನ ಶಿಷ್ಯೆ. ತಾಳ ಕೈಯಲ್ಲಿಲ್ಲ, ಕಾಲಿನಲ್ಲಿ. ಮೊದಲ ದಿನ ನಾನು ತೊಡೆ ತಟ್ಟಿ ಬೆರಳು ಎಣಿಸಿದ್ದಕ್ಕೆ, "ಏನಮ್ಮಾ, ಲೆಕ್ಕ ತಪ್ಪುತ್ತಾ?" ಎಂದು ಕೇಳಿದರು. ತುತ್ತುಕಾರ ಇಲ್ಲವೇ ಇಲ್ಲ ಎನ್ನಬಹುದು. ಸ್ವರವನ್ನು ಬೆರಳಿನಿಂದಲೇ ಕತ್ತರಿಸುತ್ತಾರೆ. ನನ್ನ ಬೆರಳು ಅಭ್ಯಾಸಬಲದಿಂದ ಜಾರಿದರೆ, "ಬೆಣ್ಣೆ ಕರಗಿಸಬೇಡ, ಬ್ರೆಡ್ ಕತ್ತರಿಸು" ಎನ್ನುತ್ತಾರೆ. ಊರಿನ ಬಗ್ಗೆ ಇನ್ನೊಮ್ಮೆ ಸರಿಯಾಗಿ ವಿಚಾರಿಸಿ ಬರೆಯುತ್ತೇನೆ.

ಗುರುವಾರ ಸಂಜೆ ಹೌನ್ಸ್ಲೋದ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿ ನುಡಿಸುವ ಕೂಟವಿದೆ. ಭಾರ್ಗವ, ಒಳ್ಳೆಯ ಗಂಡನ ಹಾಗೆ, ನನ್ನ ಬ್ಯಾಗು ಹಿಡಿಯುವ ನೆಪದಲ್ಲಿ ಬರುತ್ತಾನೆ. ಸಂಗೀತ ಕೇಳಿದರೆ ಕೂತಲ್ಲೇ ನಿದ್ದೆ ಹೋಗುವವನು ಈ ಕೂಟವನ್ನು ಒಂದು ವಾರವೂ ತಪ್ಪಿಸಿಲ್ಲ. ಅವನ ಬೆನ್ನುನೋವು ಗುರುವಾರ ಇರುವುದಿಲ್ಲ.

ಕಳೆದ ವಾರ ಅಲ್ಲಿ ಒಂದು ತಪ್ಪು ಮಾಡಿದೆ. ಟೀಚರು ಒಂದು ವಿಳಂಬದ ರಚನೆ ನುಡಿಸುತ್ತಿದ್ದರು. ಮೊದಲ ಸಾಲು ಮುಗಿಸಿ ಉಸಿರು ತೆಗೆದುಕೊಂಡರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಿಮ್ಮ ಜಗಲಿಯಲ್ಲಿ ಕೂತು ನೀವೊಂದು ಸಾಲು, ನಾನೊಂದು ಸಾಲು ನುಡಿಸುತ್ತಿದ್ದ ಹಾಗೆ, ಕೈ ತಾನಾಗಿ ಕೊಳಲೆತ್ತಿತು. ಆ ಸಾಲನ್ನು ಹಾಗೆಯೇ ತಿರುಗಿ ನುಡಿಸಿದೆ. ಎರಡನೇ ಸಾಲನ್ನೂ. ಇಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲವಂತೆ. ಕೆಲವರು ನಕ್ಕರು.

ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆ ಎಂದು ನನಗೇ ಸ್ಪಷ್ಟವಿಲ್ಲ. ಬೈಯಿಸಿಕೊಳ್ಳಬೇಕು ಅನ್ನಿಸಿರಬೇಕು.

ನಿಮ್ಮ ಕೊಳಲಿಗೆ ಎಣ್ಣೆ ಹಚ್ಚಿ. ಬಿರುಕು ದೊಡ್ಡದಾಗದಿರಲಿ.

ಅಂಬುಜಾ


ಕುಂದಾಪುರ
2 ಏಪ್ರಿಲ್ 2025

ಅಂಬುಜಾ,

ನಕ್ಕರಾ? ಗುರು ಊದಿದ ಸಾಲನ್ನು ಶಿಷ್ಯೆ ತಿರುಗಿ ಊದಿದರೆ ನಗುವವರು ಎಂಥ ಜನ? ಇನ್ನೇನು, ಗುರು ಊದುವಾಗ ಇಡ್ಲಿ ತಿನ್ನಬೇಕಿತ್ತಾ? ಹೋಟೆಲಿನಲ್ಲಿ ಸಂಗೀತ ಇಟ್ಟರೆ ಹೀಗೆಯೇ ಆಗುವುದು. ಒಂದು ಕಡೆ ಕೊಳಲು, ಒಂದು ಕಡೆ ಸಾಂಬಾರಿನ ಬಕೆಟು. ಹೋಟೆಲಿನವರು ನಮ್ಮ ಕಡೆಯವರೇ ಇರಬೇಕು. ಅವರಿಗೆ ನನ್ನ ಹೆಸರು ಹೇಳಿ ನೋಡು, ಮಕ್ಕಳಿಗೆ ಪಾಠ ಹೇಳಿದವಳೇ ಇರುತ್ತೇನೆ.

ನಿನ್ನ ಟೀಚರು ಆಗ ಏನು ಹೇಳಿದರು? ಅದನ್ನು ಬರೆದಿಲ್ಲ. ಮುಖ್ಯವಾದ ಹೆಜ್ಜೆ ಬಿಟ್ಟು ಉತ್ತರ ಬರೆಯುವುದು ನಿನ್ನ ಹಳೆಯ ಚಾಳಿ.

ಇರಲಿ, ನಾನೇ ಬಂದು ನೋಡುತ್ತೇನೆ. ತಮ್ಮ ಶೀನಪ್ಪನ ಮಗಳು ವಿಜೇತಾ ಫೆಲ್ಥಮಿನಲ್ಲಿ ಮನೆ ಮಾಡಿದ್ದಾಳಲ್ಲ, ಬನ್ನಿ ಬನ್ನಿ ಎಂದು ಎರಡು ವರ್ಷದಿಂದ ಜೀವ ತಿನ್ನುತ್ತಿದ್ದಾಳೆ. ವೀಸಾಕ್ಕೆ ಕೊಟ್ಟಾಗಿದೆ. ಒಂದು ಗುರುವಾರ ಆ ಕೂಟಕ್ಕೆ ಬಂದು ನಗುವವರ ಎದುರಿಗೇ ಕೂರುತ್ತೇನೆ. ನೀನು ಅರ್ಧ ಗಂಟೆ ಒಬ್ಬಳೇ ಊದಬೇಕು. ರಾಗ ನಿನಗೆ ಬಿಟ್ಟದ್ದು. ನೋಡಿದೆಯಾ, ಎಷ್ಟು ಉದಾರಿ ಆಗಿದ್ದೇನೆ.

ಬರುವಾಗ ಚಕ್ಕುಲಿ ತರುತ್ತೇನೆ. ನಾನಂತೂ ತಿನ್ನುವುದಿಲ್ಲ, ನಿಮಗೆ.

ಗುಣವತಿ


ಹೇಸ್
ಭಾನುವಾರ, 27 ಏಪ್ರಿಲ್ 2025

ಪ್ರೀತಿಯ ಟೀಚರ್,

ನೀವು ಬರುತ್ತೀರೆಂದು ಓದಿ ತುಂಬ ಸಂತೋಷವಾಯಿತು. ಕೆಲವು ವಿಷಯ ಮೊದಲೇ ತಿಳಿಸುವುದು ಒಳ್ಳೆಯದು ಎಂದು ಬರೆಯುತ್ತಿದ್ದೇನೆ, ನಿರುತ್ಸಾಹಗೊಳಿಸಲು ಅಲ್ಲ.

ಇಲ್ಲಿಯ ಬೇಸಿಗೆಯನ್ನು ನಂಬಲಾಗುವುದಿಲ್ಲ. ಹುಲ್ಲಿನ ಪರಾಗದಿಂದ ಸೀನು ಹತ್ತಿದರೆ ತಿಂಗಳು ಬಿಡುವುದಿಲ್ಲ. ಟ್ಯೂಬ್ ರೈಲಿನ ನಿಲ್ದಾಣಗಳಲ್ಲಿ ಮೆಟ್ಟಿಲು ಜಾಸ್ತಿ, ಲಿಫ್ಟ್ ಇರುವ ಕಡೆ ಲಿಫ್ಟ್ ಕೆಟ್ಟಿರುತ್ತದೆ. ಹುಷಾರಿಲ್ಲ ಎಂದರೆ ಜಿಪಿ ಡಾಕ್ಟರು ಸಿಗುವಷ್ಟರಲ್ಲಿ ಹುಷಾರಾಗಿರುತ್ತೇವೆ. ಫೆಲ್ಥಮಿನಲ್ಲಿ ವಿಮಾನದ ಸದ್ದು ವಿಪರೀತ. ನಮ್ಮ ಟೀಚರೂ ಜುಲೈಯಲ್ಲಿ ತಮ್ಮ ಕರಾವಳಿಗೆ ಹೋಗುವವರಿದ್ದಾರೆ. ಸೆಪ್ಟೆಂಬರ್ ಹೇಗೆ? ಇಲ್ಲವೆಂದರೆ ಬರುವ ವರ್ಷ?

ಸಮೀಕ್ಷಾ ಹಿಂದಿನಿಂದ ಬಗ್ಗಿ ನೋಡಿ, "ಅಮ್ಮಾ, ಯು ಸೌಂಡ್ ಲೈಕ್ ಅ ಬ್ಯಾಡ್ ರಿವ್ಯೂ," ಎಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂದುಕೊಂಡಿದ್ದೆ.

ಅಂಬುಜಾ


ಕುಂದಾಪುರ
20 ಮೇ 2025

ಅಂಬುಜಾ,

ಟಿಕೆಟ್ ಆಯಿತು. ಜೂನ್ 28ಕ್ಕೆ ಹೊರಡುತ್ತೇನೆ.

ನಿನ್ನ ಕಾಗದವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಮೊದಲೆಲ್ಲ ಸ್ವರದ ಬಗ್ಗೆ ಬರೆಯುತ್ತಿದ್ದೆ, ಈಗ ಲಿಫ್ಟಿನ ಬಗ್ಗೆ ಬರೆಯುತ್ತೀ. ಜುಲೈಯ ಮಳೆಯಲ್ಲಿ ಗಂಗೊಳ್ಳಿಗೆ ಬರುವವರು ಯಾರು? ಬರುವುದೇ ಹೌದಾದರೆ ವಿಳಾಸ ಕಳಿಸು, ನಾನೇ ಸೇತುವೆ ದಾಟಿ ಹೋಗಿ ಕಾಣುತ್ತೇನೆ. ನಿನ್ನ ಟೀಚರನ್ನು ನೋಡದೆ ನಾನು ಬಿಡುವವಳಲ್ಲ. ಅಲ್ಲಿಯಾದರೆ ಅಲ್ಲಿ, ಇಲ್ಲಿಯಾದರೆ ಇಲ್ಲಿ.

ನಾನು ಬರುವುದು ನಿನಗೆ ಬೇಡವಾಗಿದ್ದರೆ ಒಂದು ಸಾಲಿನಲ್ಲಿ ಬರೆ. ಹವೆಯನ್ನು ಮಧ್ಯೆ ತರಬೇಡ.

ನನ್ನ ಕೊಳಲು ತರುವುದಿಲ್ಲ. ವಿಮಾನದಲ್ಲಿ ತೂಕಕ್ಕೆ ಮಿತಿ ಇದೆ.

ಗುಣವತಿ


ಹೇಸ್
ಭಾನುವಾರ, 8 ಜೂನ್ 2025

ಪ್ರೀತಿಯ ಟೀಚರ್,

ಗಂಗೊಳ್ಳಿಯಲ್ಲಿ ಯಾರನ್ನೂ ಹುಡುಕಬೇಡಿ. ಜನವರಿಯಲ್ಲಿ ಕವರಿನಿಂದ ತೆಗೆದಿಟ್ಟ ಹಾಳೆಯೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ. ಆಮೇಲೆ, ಇನ್ನೂ ಓದುವ ಮನಸ್ಸಿದ್ದರೆ, ಇದನ್ನು.

ಓದಿದಿರಾ? ಬ್ರೀಜ್ ಜುಲೈಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಆ ವಾಕ್ಯ ಶುದ್ಧ ಸುಳ್ಳು. ಅಂಥದ್ದು ಇನ್ನೊಂದಿದೆ, ಮುಂದೆ ಹೇಳುತ್ತೇನೆ. ಮಿಕ್ಕ ವಾಕ್ಯಗಳೆಲ್ಲ ನಿಜವಾಗಿದ್ದವು, ಅವುಗಳಿಂದ ಆದ ಕಾಗದ ಮಾತ್ರ ನಿಜವಾಗಿರಲಿಲ್ಲ. ಹೋಟೆಲು ಎಂದದ್ದು ಪಬ್ಬು. ಅಲ್ಲಿ ಇಡ್ಲಿ ಇಲ್ಲ, ಸಾಂಬಾರಿನ ಬಕೆಟು ಇಲ್ಲ. ನಾನು ನಿಂಬೆ ಸೋಡ ಕುಡಿಯುತ್ತೇನೆ. ಭಾರ್ಗವ ಏನು ಕುಡಿಯುತ್ತಾನೆ ಎಂದು ನೀವು ಕೇಳುವುದಿಲ್ಲ ಎಂದು ನಂಬಿದ್ದೇನೆ.

ನಿಮ್ಮ ಮೇ ತಿಂಗಳ ಕಾಗದವನ್ನು ನಾನು ಬೇರೆಯೇ ರೀತಿ ಓದಿದ್ದೆ. ಕೊಳಲು ತರುವುದಿಲ್ಲ ಎಂದರೆ ನುಡಿಸಲು ಬರುತ್ತಿಲ್ಲ, ಬರೀ ತೀರ್ಪು ಕೊಡಲು ಬರುತ್ತಿದ್ದೀರಿ ಎಂದುಕೊಂಡೆ. ಅದೇ ಭಯದಲ್ಲಿ ಒಂದು ವಾರ ಕೊಳಲು ಮುಟ್ಟಲಿಲ್ಲ. ಮೊನ್ನೆ ಗುರುವಾರ ಆಫೀಸಿನಲ್ಲಿದ್ದಾಗ ವಿಜೇತಾ ಫೋನು ಮಾಡಿದಳು.

"ಅಂಬುಜಕ್ಕ, ಅತ್ತೆಗೆ ಊಟಕ್ಕೆ ಎಂತ ಮಾಡುದು? ಹೊಸ ಹಲ್ಲಿನ ಸೆಟ್ಟಲ್ದಾ, ಮೆತ್ತಗಿದ್ದದ್ದೇ ಆಗ್ಬೇಕಂತೆ."

"ಯಾವಾಗಿಂದ?"

"ಹೋದ ದೀಪಾವಳಿಗೇ ಹಾಕ್ಸಿದ್ದು. ಪಾಪ, ಊದಿದ್ರೆ ಬರೀ ಗಾಳಿ ಬರ್ತದಂತೆ, ಸ್ವರವೇ ಇಲ್ಲ. ಕೊಳಲು ಒಳಗಿಟ್ಟುಬಿಟ್ಟಿದ್ದಾರೆ. ನಿಮಗೆ ಹೇಳ್ಬಾರ್ದು ಅಂತ... ಅಯ್ಯೋ ದೇವ್ರೇ, ಹೇಳಿಬಿಟ್ನಾ?"

ಆಗ ನನಗೆ ಒಂದೊಂದಾಗಿ ಅರ್ಥವಾಯಿತು. ಕುಂದಾಪುರದಲ್ಲಿ ಯಾವ ಕಾಲದ ಹವೆ ಒಣಗಿರುತ್ತದೆ, ಟೀಚರ್? ನೀವು ಚಕ್ಕುಲಿ ಬಿಟ್ಟದ್ದು ಯಾವಾಗ? ಬಿದಿರಿನ ಕೊಳಲು ಎಷ್ಟು ತೂಗುತ್ತದೆ? ನಾನು ಎಣ್ಣೆ ಹಚ್ಚಿ ಎಂದು ಬರೆದೆ. ನನ್ನ ಸುಳ್ಳು ಕಾಯುವುದರಲ್ಲಿ ಎಷ್ಟು ಮುಳುಗಿದ್ದೆ ಎಂದರೆ ನಿಮ್ಮದು ಕಣ್ಣಿಗೇ ಬೀಳಲಿಲ್ಲ.

ಅವತ್ತು ಸಂಜೆಯೇ ಪಬ್ಬಿನಲ್ಲಿ ಬ್ರೀಜ್‌ಗೆ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದ್ದು ತಪ್ಪು. ಆಕೆ ಕರ್ಚೀಫು ಹರಡಿ, ತಮ್ಮ ಕೆಳಗಿನ ಹಲ್ಲಿನ ಸೆಟ್ಟನ್ನು ತೆಗೆದು ಟೇಬಲಿನ ಮೇಲೆ ಇಟ್ಟರು. ಭಾರ್ಗವನ ಆಲೂಗಡ್ಡೆ ಕ್ರಿಸ್ಪ್ಸ್ ಪಕ್ಕ. ಭಾರ್ಗವ ಆಮೇಲೆ ಕ್ರಿಸ್ಪ್ಸ್ ತಿನ್ನಲಿಲ್ಲ.

"ಇದು ಬಂದು ಎಷ್ಟೋ ವರ್ಷ ಆಯ್ತು," ಎಂದರು, ಅರ್ಧ ಬಾಯಲ್ಲಿ. "ಮೊದಲ ಚಳಿಗಾಲ ಪೂರ್ತಿ ಒಂದು ಸ್ವರ ಹುಟ್ಟಲಿಲ್ಲ. ಭುಜ ನೋವು ಅಂತ ಎಲ್ಲರಿಗೂ ಸುಳ್ಳು ಹೇಳಿದೆ. ನಿನ್ನ ಟೀಚರಮ್ಮ ಏನು ನೆಪ ಹೇಳ್ತಾಳೆ?"

"ಹವಾಮಾನ," ಎಂದೆ.

"ಅದು ಭುಜಕ್ಕಿಂತ ಚೆನ್ನಾಗಿದೆ. ನನಗೆ ಹೊಳೀಲಿಲ್ಲ ನೋಡು."

ಮತ್ತೆ ಸೆಟ್ಟು ಹಾಕಿಕೊಂಡು ಸರಿಯಾಗಿ ವಿವರಿಸಿದರು. ತುಟಿ ಹಳೆಯ ಜಾಗವನ್ನೇ ಹುಡುಕುತ್ತದಂತೆ, ಆದರೆ ಹಲ್ಲು ಬದಲಾದ ಮೇಲೆ ಆ ಜಾಗ ಅಲ್ಲಿರುವುದಿಲ್ಲವಂತೆ. ಹಳೆಯ ಕೊಳಲಿನಲ್ಲಿ ಹುಡುಕಹೊರಟರೆ ಅಳು ಬರುತ್ತದೆ, ಅದಕ್ಕೆ ಮೊದಲು ಖಾಲಿ ಬಾಟಲಿಯ ಬಾಯಿಗೆ ಊದಬೇಕು. ಬಾಟಲಿಯ ಹತ್ತಿರ ನಮಗೆ ಮರ್ಯಾದೆಯ ಪ್ರಶ್ನೆ ಇರುವುದಿಲ್ಲ. ಅದು ಮಾತಾಡಿದ ಮೇಲೆ ಕೊಳಲನ್ನು ತುಟಿಯ ಮೇಲೆ ಸ್ವಲ್ಪ ಕೆಳಗೆ ಇಟ್ಟು, ಹೊರಕ್ಕೆ ತಿರುಗಿಸಿ, ಕೆಟ್ಲಿನ ನೀರು ಕುದಿಯುವವರೆಗೆ ಒಂದೇ ಸ್ವರ. "ಬರ್ಲಿ ಅವಳು. ಬಾಟಲಿಗೆ ಇಲ್ಲಿ ಬರ ಇಲ್ಲ," ಎಂದರು. ಸಿರಿಶಾ ಹತ್ತಿರವಿದ್ದರೆ ಈ ಭಾಗವನ್ನು ಗಟ್ಟಿಯಾಗಿ ಓದಬೇಡಿ.

ಏಪ್ರಿಲಿನಲ್ಲಿ ನೀವು ಕೇಳಿದ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಸಾಲು ತಿರುಗಿ ನುಡಿಸಿದ ದಿನ ಯಾರೂ ನಗಲಿಲ್ಲ, ಟೀಚರ್. ಅಂಥ ವಿಳಂಬದ ರಚನೆಯನ್ನು ಇವರಲ್ಲಿ ಒಬ್ಬರೇ ನುಡಿಸಬೇಕು, ಮಿಕ್ಕವರು ಗ್ಲಾಸನ್ನೂ ಎತ್ತುವುದಿಲ್ಲ. ಬ್ರೀಜ್ ನುಡಿಸುತ್ತಿದ್ದದ್ದು ಅವರ ಅಪ್ಪ ಕಡಲಿನಿಂದ ಬಾರದವರಿಗಾಗಿ ನುಡಿಸುತ್ತಿದ್ದ ಟ್ಯೂನು. ನಾನು ಮೊದಲ ಎರಡು ಸಾಲನ್ನಷ್ಟೇ ಅಲ್ಲ, ಕೊನೆಯವರೆಗೆ ಎಲ್ಲವನ್ನೂ ತಿರುಗಿ ನುಡಿಸಿದೆ. ಅಕಾರ್ಡಿಯನ್ನಿನ ಮುದುಕ ಶಿಲುಬೆಯ ಗುರುತು ಮಾಡಿಕೊಂಡ. ಮುಗಿದ ಮೇಲೆ ಭಾರ್ಗವ ಒಬ್ಬನೇ ಚಪ್ಪಾಳೆ ತಟ್ಟಿದ. ಇಲ್ಲಿ ಅದೂ ಮಾಡಬಾರದ್ದು.

ಬ್ರೀಜ್ ತಮ್ಮ ಕೊಳಲನ್ನು ಮಡಿಲಲ್ಲಿಟ್ಟು ನನ್ನ ಕಡೆ ತಿರುಗಿದರು. "ನಾನು ಉಸಿರು ಎಳ್ಕೊಂಡ ಜಾಗದಲ್ಲೇ ನೀನೂ ಎಳ್ಕೊಂಡೆ. ಯಾರು ನಿನಗೆ ಹೀಗೆ ಕೇಳೋದನ್ನ ಕಲಿಸಿದ್ದು?"

"ಕುಂದಾಪುರದ ಒಬ್ಬರು ಗಣಿತದ ಟೀಚರು," ಎಂದೆ.

"ಪುಣ್ಯವಂತೆ ನೀನು," ಎಂದರು. ಹಿಂದೆಯೇ, "ಇನ್ನೊಂದು ಸಲ ಹಾಗೆ ಮಾಡಿದ್ರೆ ಕೊಳಲು ಕಿತ್ತಿಟ್ಕೊಳ್ತೀನಿ," ಎಂದರು.

ಇದನ್ನು ಆಗಲೇ ಬರೆಯದಿದ್ದದ್ದಕ್ಕೆ ಕಾರಣ ಯೋಚಿಸಿದೆ. ಬರೆದರೆ ಆ ಟ್ಯೂನು ಯಾವುದು, ಆ ಕಡಲು ಯಾವುದು ಎಂದು ನೀವು ಕೇಳುತ್ತಿದ್ದಿರಿ. ನಕ್ಕರು ಎಂದು ಬರೆದರೆ ನೀವು ನನ್ನ ಪರವಾಗಿ ಸಿಟ್ಟಾಗುತ್ತೀರಿ, ಏನೂ ಕೇಳುವುದಿಲ್ಲ. ಲೆಕ್ಕ ಸರಿಯಾಗಿತ್ತು. ನೀವು ವಿಮಾನವನ್ನೇ ಹತ್ತುತ್ತೀರಿ ಎಂಬುದೊಂದು ತಪ್ಪಿತು.

ನಾನು ನಿಮ್ಮೆದುರು ಅರ್ಧ ಗಂಟೆ ಒಬ್ಬಳೇ ಊದಲಾರೆ. ಆಲಾಪನೆ ನನ್ನಲ್ಲಿ ಇಲ್ಲ, ಇರಲೂ ಇಲ್ಲ. ನಿಮಗೂ ಅದು ಗೊತ್ತಿತ್ತೇನೋ. ನನ್ನಲ್ಲಿರುವುದು ಕೇಳಿದ್ದನ್ನು ತಿರುಗಿ ಕೊಡುವುದೊಂದೇ, ಅದು ನಿಮ್ಮದೇ. ಅದಕ್ಕೆ ಹೌನ್ಸ್ಲೋದ ಆ ಕೋಣೆಯಲ್ಲಿ ಒಂದು ಕುರ್ಚಿ ಸಿಕ್ಕಿದೆ. ನನ್ನ ಹೆಸರನ್ನು ವಿಶಾಲನ ಹೆಸರಿನ ಪಕ್ಕ ಇಡುವುದಾದರೆ ಇಡಿ. ಆದರೆ ನಿಮ್ಮ ಕೊಳಲು ತನ್ನಿ. ತೂಕ ಹೆಚ್ಚಾದರೆ ಚಕ್ಕುಲಿ ಬಿಟ್ಟು ಬನ್ನಿ, ಭಾರ್ಗವನ ಬೆನ್ನಿಗೆ ಅದು ಒಳ್ಳೆಯದಲ್ಲ.

ಇದನ್ನು ಯಾವತ್ತು ಪೋಸ್ಟ್ ಮಾಡಬೇಕು ಎಂದು ಬೆಳಗ್ಗೆಯಿಂದ ಯೋಚಿಸುತ್ತಿದ್ದೇನೆ. ತಡ ಮಾಡಿದರೆ ನೀವು ಹೊರಟ ಮೇಲೆ ತಲುಪುತ್ತದೆ, ಸಿರಿಶಾ ಒಡೆದು ಓದುತ್ತಾಳೆ. ಏನೂ ತಿಳಿಯದೆ ನೀವು ಇಲ್ಲಿ ಬಂದಿಳಿದಿರುತ್ತೀರಿ, ಹಿಂದೆ ಹೋಗುವ ಹಾಗಿಲ್ಲ. ನಾನು ಈ ಯೋಚನೆಯನ್ನು ಸ್ವಲ್ಪ ಹೆಚ್ಚೇ ಹೊತ್ತು ಮಾಡಿದೆ, ಸುಳ್ಳು ಹೇಳುವುದಿಲ್ಲ. ಬೇಗ ಹಾಕಿದರೆ ಟಿಕೆಟು ರದ್ದು ಮಾಡಲು ನಿಮಗೆ ಸಮಯವಿರುತ್ತದೆ. ಕಪಾಟಿನಿಂದ ಕೊಳಲು ಹೊರತೆಗೆಯಲೂ ಇರುತ್ತದೆ.

ಅಂಚೆ ಡಬ್ಬಿ ನನ್ನ ಬಸ್ ಸ್ಟಾಪಿನ ಪಕ್ಕದಲ್ಲೇ ಇದೆ. ಬೆಳಗ್ಗೆ ಆಫೀಸಿಗೆ ಹೋಗುವಾಗ ಹಾಕುತ್ತೇನೆ.

ನಿಮ್ಮ
ಅಂಬುಜಾ

ಅಂಚೆಗೆ: ನಾಳೆ, ಸೋಮವಾರ, 9 ಜೂನ್ 2025